21 ಫ್ರೇಮಿನ ತಾಳ: ಮಾರಿಯೋ ಸ್ಪೀಡ್‌ರನ್ ನೋಡುವ ಬಗೆ, ಆಡುವ ಬಗೆ

(ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದೆ.)

ಎಲ್ಲರಿಗೂ ನಮಸ್ಕಾರ.

ಸಂಗೀತ ಕಚೇರಿಗೆ ಹೋದಾಗ ಮುಂದಿನ ಸಾಲಿನಲ್ಲಿ ಕೂತವರ ಕೈ ಗಮನಿಸಿ. ತೊಡೆಯ ಮೇಲೆ ತಾಳ ಬೀಳುತ್ತಲೇ ಇರುತ್ತದೆ. ಗಾಯಕರು ಸ್ವರ ಹೆಣೆಯುತ್ತ ಎಲ್ಲಿಗೆ ಹೋದರೂ, ಎಡುಪಿಗೆ, ಅಂದರೆ ಹಾಡಿನ ಸಾಲು ಎತ್ತಿಕೊಳ್ಳುವ ಜಾಗಕ್ಕೆ, ಇನ್ನೆಷ್ಟು ಅಕ್ಷರ ಉಳಿದಿದೆ ಅನ್ನುವ ಲೆಕ್ಕ ಆ ಕೈಯಲ್ಲಿರುತ್ತದೆ. ಸರಿಯಾದ ಜಾಗಕ್ಕೆ ಬಂದು ಕೂತಾಗ ‘ಭಲೇ’ ಅನ್ನುವವರು ಅವರೇ. ತಾಳ ತಿಳಿಯದವರಿಗೂ ಹಾಡು ಇಂಪಾಗಿಯೇ ಕೇಳುತ್ತದೆ. ಆದರೆ ಆ ‘ಭಲೇ’ ಯಾಕೆ ಬಂತು ಅನ್ನುವುದು ಮಾತ್ರ ಅವರಿಗೆ ಹತ್ತುವುದಿಲ್ಲ.

ಸ್ಪೀಡ್‌ರನ್ ಕೂಡ ಹೀಗೇ. ಒಂದು ವಿಡಿಯೋ ಗೇಮನ್ನು ಎಷ್ಟು ಬೇಗ ಆಡಿ ಮುಗಿಸಬಹುದು ಅನ್ನುವ ಸ್ಪರ್ಧೆ ಇದು ಅಂದರೆ ವಿವರಣೆ ಮುಗಿಯಿತು. ಒಂದೇ ಆಟವನ್ನು ಸಾವಿರಾರು ಸಲ ಆಡುವವರಿಗೆ, ಅದನ್ನು ಗಂಟೆಗಟ್ಟಲೆ ಕೂತು ನೋಡುವವರಿಗೆ ಏನು ಸಿಗುತ್ತದೆ ಅನ್ನುವುದಕ್ಕೆ ಅದು ಉತ್ತರವಲ್ಲ. ನನ್ನ ಉತ್ತರ ಇಷ್ಟು: ಆಟದ ಒಳಗಿನ ತಾಳ ತಿಳಿದರೆ ನೋಡುವ ಕಣ್ಣು ಬದಲಾಗುತ್ತದೆ. ಆ ತಾಳ ತಿಳಿಯುವುದಕ್ಕೆ ಸ್ವಲ್ಪವಾದರೂ ಕೈಯಾಡಿಸಿ ನೋಡಬೇಕು. ಇವತ್ತು ಒಂದೇ ಒಂದು ಆಟ ಇಟ್ಟುಕೊಂಡು ಇದನ್ನು ತೋರಿಸುತ್ತೇನೆ.

ಆ ಆಟ ಸೂಪರ್ ಮಾರಿಯೋ ಬ್ರದರ್ಸ್. ನಿಂಟೆಂಡೊ ಕಂಪನಿ 1985ರಲ್ಲಿ ಜಪಾನಿನಲ್ಲಿ ತಂದದ್ದು. ಇದನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಇಲ್ಲಿ ಕೂತವರಲ್ಲಿ ಅನೇಕರ ಬೆರಳಿಗೆ ಇದರ ಮೊದಲ ಹಂತ ಇನ್ನೂ ನೆನಪಿರುತ್ತದೆ. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಟಿವಿ ಗೇಮ್’ ಅಂತ ಸಿಗುತ್ತಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಈ ಆಟ ಓಡುವ ನಿಂಟೆಂಡೊ ಯಂತ್ರದ ನಕಲುಗಳೇ. ಕ್ಯಾಸೆಟ್ ಊದಿ ಸಿಕ್ಕಿಸಿ ಮಾರಿಯೋನೋ ಕಾಂಟ್ರಾನೋ ಆಡಿದವರಿಗೆ ಮೊದಲ ಶತ್ರು ಗುಂಬಾ ಎಲ್ಲಿ ಬರುತ್ತದೆ, ಮೊದಲ ಅಣಬೆ ಯಾವ ಇಟ್ಟಿಗೆಯಲ್ಲಿದೆ ಅಂತ ಹೇಳಿಕೊಡಬೇಕಾಗಿಲ್ಲ.

ಮೊದಲು ದಾರಿ. ಆಟದಲ್ಲಿ 8 ಲೋಕ, ಲೋಕಕ್ಕೆ 4 ಹಂತ, ಒಟ್ಟು 32. ವೇಗವಾಗಿ ಮುಗಿಸುವವರು ಆಡುವುದು 8 ಹಂತ ಮಾತ್ರ: 1-1, 1-2, ಅಲ್ಲಿಂದ 4-1, 4-2, ಅಲ್ಲಿಂದ 8-1ರಿಂದ 8-4. 1-2ರ ಕೊನೆಯಲ್ಲಿ ಚಾವಣಿಯ ಮೇಲೆ ಹತ್ತಿ ಓಡಿದರೆ ಮೂರು ಪೈಪ್ ಇರುವ ಗುಪ್ತ ಕೋಣೆ ಸಿಗುತ್ತದೆ. ಎಡಗಡೆಯದು 4ನೇ ಲೋಕಕ್ಕೆ. 4-2ರಲ್ಲಿ ಬಳ್ಳಿ ಹತ್ತಿ ಮೇಲೆ ಹೋದರೆ 8ನೇ ಲೋಕದ ಪೈಪ್. ಈ ವಿಭಾಗವನ್ನು ‘ಎನಿ ಪರ್ಸೆಂಟ್’ ಅನ್ನುತ್ತಾರೆ. ಆಟದ ಶೇಕಡಾ ಎಷ್ಟು ಭಾಗ ಮುಟ್ಟಿದಿರಿ ಅನ್ನುವುದು ಮುಖ್ಯವಲ್ಲ, ಕೊನೆ ಮುಟ್ಟಿದರೆ ಸಾಕು ಅಂತ ಅರ್ಥ. ಕೊನೆ ಅಂದರೆ 8-4ರಲ್ಲಿ ಕೊನೆಯ ಶತ್ರು ಬೌಸರನ ಹಿಂದಿರುವ ಕೊಡಲಿ. ಅದನ್ನು ಮುಟ್ಟಿದ ಕ್ಷಣ ಗಡಿಯಾರ ನಿಲ್ಲುತ್ತದೆ.

ಈಗ ತಾಳಕ್ಕೆ ಬರೋಣ.

ಈ ಯಂತ್ರದ ಅಮೆರಿಕ ಮತ್ತು ಜಪಾನ್ ಮಾದರಿ ಸೆಕೆಂಡಿಗೆ ಸುಮಾರು 60.1 ಫ್ರೇಮ್, ಅಂದರೆ ಬಿಡಿ ಚಿತ್ರ, ಬಿಡಿಸುತ್ತದೆ. ಒಂದು ಫ್ರೇಮ್ ಅಂದರೆ ಸುಮಾರು 16.6 ಮಿಲಿಸೆಕೆಂಡ್. ಆಟದ ಒಳಗೆ ಒಂದು ಎಣಿಕೆ ಸದಾ ತಿರುಗುತ್ತಿರುತ್ತದೆ: 20ರಿಂದ 0ಗೆ, ಮತ್ತೆ 20ರಿಂದ 0ಗೆ. ಒಂದು ಸುತ್ತಿಗೆ 21 ಫ್ರೇಮ್, ಹೆಚ್ಚುಕಡಿಮೆ 0.35 ಸೆಕೆಂಡ್. ಹಂತ ಮುಗಿದ ಮೇಲೆ ಮುಂದಿನ ಹಂತಕ್ಕೆ ಕಳಿಸುವ ಕೆಲಸವನ್ನು ಆಟ ಈ ಸುತ್ತು ಮುಗಿದಾಗ ಮಾತ್ರ ಮಾಡುತ್ತದೆ. ನೀವು ಸುತ್ತಿನ 2ನೇ ಫ್ರೇಮಿನಲ್ಲಿ ಮುಗಿಸಿದರೂ, 19ನೇ ಫ್ರೇಮಿನಲ್ಲಿ ಮುಗಿಸಿದರೂ, ಮುಂದಿನ ಹಂತ ಶುರುವಾಗುವುದು ಒಂದೇ ಕ್ಷಣದಲ್ಲಿ. 22ನೆಯದಕ್ಕೆ ಜಾರಿದರೆ ಮಾತ್ರ ಒಂದು ಇಡೀ ಸುತ್ತು ಹೋಯಿತು. ಇದಕ್ಕೆ ‘ಫ್ರೇಮ್‌ರೂಲ್’ ಅಂತ ಹೆಸರು. ಓಟಗಾರರು ಇದನ್ನು ಬಸ್ಸಿಗೆ ಹೋಲಿಸುತ್ತಾರೆ: ನಿಲ್ದಾಣಕ್ಕೆ ಎಷ್ಟು ಮುಂಚೆ ಓಡಿ ಬಂದರೂ ಬಸ್ಸು ಹೊರಡುವುದು ಅದರ ಹೊತ್ತಿಗೇ. ನನಗೆ ಇದು 21 ಎಣಿಕೆಯ ಆವರ್ತದ ಹಾಗೆ ಕಾಣುತ್ತದೆ. ನಡುವೆ ಏನೇ ಮಾಡಿ, ಮುಂದಿನ ಸಾಲು ಎತ್ತಿಕೊಳ್ಳುವುದು ಸಮದಲ್ಲೇ.

ಈ ಒಂದು ಸಂಗತಿ ತಿಳಿದ ಕೂಡಲೇ ನೋಡುವ ರೀತಿ ಬದಲಾಗುತ್ತದೆ. ಮಾರಿಯೋ ಒಂದು ಪೈಪಿಗೆ ತಾಗಿ ಅರೆಕ್ಷಣ ನಿಂತ. ಹೊಸಬರಿಗೆ ಅಯ್ಯೋ ಅನ್ನಿಸುತ್ತದೆ. ಬಲ್ಲವರು ಕೇಳುವ ಪ್ರಶ್ನೆ ಬೇರೆ: ಆ ಹಂತದಲ್ಲಿ ಎಷ್ಟು ಫ್ರೇಮ್ ಬಿಡುವು ಇತ್ತು? ಹತ್ತು ಇದ್ದು, ತಪ್ಪಿಗೆ ಖರ್ಚಾದದ್ದು ಆರಾದರೆ, ಏನೂ ನಷ್ಟವಿಲ್ಲ. ಹಾಗೆಯೇ, ಕಣ್ಣಿಗೆ ಒಂದೂ ತಪ್ಪು ಕಾಣದ ಓಟದಲ್ಲಿ ಒಂದು ಫ್ರೇಮ್ ತಡವಾಗಿ 0.35 ಸೆಕೆಂಡ್ ಕಳೆದುಹೋಗಿರಬಹುದು. ಪೂರ್ತಿ ವೇಗದಲ್ಲಿ ಓಡುವಾಗ ಮಾರಿಯೋ ಫ್ರೇಮಿಗೆ 2.5 ಪಿಕ್ಸೆಲ್ ಸರಿಯುತ್ತಾನೆ, ಬರೀ ನಡಿಗೆಯಲ್ಲಿ 1.5. ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಅಂದರೆ ಒಂದು ಫ್ರೇಮ್‌ರೂಲ್ ಅಂದರೆ ಓಟದಲ್ಲಿ 52.5 ಪಿಕ್ಸೆಲ್, ಮೂರು ಇಟ್ಟಿಗೆಗಿಂತ ತುಸು ಹೆಚ್ಚು. ಈ ಅಳತೆ ಕಣ್ಣಿಗೆ ಹಿಡಿದರೆ ನಷ್ಟವನ್ನು ಪರದೆಯ ಮೇಲೇ ಅಂದಾಜು ಮಾಡಬಹುದು.

ಈ ನಿಯಮಕ್ಕೆ ಒಳಪಡದ ಹಂತ 8-4 ಒಂದೇ. ಅಲ್ಲಿ ಕೊಡಲಿ ಮುಟ್ಟಿದ್ದೇ ಕೊನೆ, ಮುಂದೆ ಹೋಗಲು ಹಂತವೇ ಇಲ್ಲ, ಹಾಗಾಗಿ ಕಾಯುವುದೂ ಇಲ್ಲ. ಮೊದಲ ಏಳು ಹಂತಗಳಲ್ಲಿ ಸಮಯ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, 8-4ರಲ್ಲಿ ಪ್ರತಿ ಫ್ರೇಮೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿ ಬಂದ ಓಟದಲ್ಲಿ, ನೀರಿನ ಕೋಣೆ ದಾಟಿ, ಸುತ್ತಿಗೆ ಎಸೆಯುವವನನ್ನು ದಾಟಿ ಬೌಸರನ ಮುಂದೆ ಬಂದಾಗ ಆಟಗಾರರ ಹೆಬ್ಬೆರಳು ನಡುಗುವುದು ಈ ಕಾರಣಕ್ಕೆ. ಕೆಲವರು ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಕೊಂಡು ಆಡುತ್ತಾರೆ, ಅಂಕಿ ಪರದೆಯ ಮೂಲೆಯಲ್ಲಿ ಏರುತ್ತ ಹೋಗುವುದು ನೋಡುವವರಿಗೂ ಕಾಣುತ್ತದೆ.

ಈಗ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. 4-2.

ಬಳ್ಳಿ ಹತ್ತಿದರೆ 8ನೇ ಲೋಕ ಅಂದೆ. ಆ ಬಳ್ಳಿ ಸಿಗಬೇಕಾದರೆ ಕಾಣದ ಮೂರು ಇಟ್ಟಿಗೆಗಳನ್ನು ತಲೆಯಿಂದ ಗುದ್ದಿ ಮೆಟ್ಟಿಲು ಮಾಡಿಕೊಂಡು, ಮೇಲಿನ ಇಟ್ಟಿಗೆ ಗುದ್ದಿ, ಬಳ್ಳಿ ಬೆಳೆಯುವವರೆಗೆ ಕಾದು, ಹತ್ತಬೇಕು. ಹಲವು ಸೆಕೆಂಡ್ ಹೋಗುತ್ತದೆ. ಓಟಗಾರರು ಬಳ್ಳಿಯನ್ನೇ ಬಿಟ್ಟು, ಮುಂದಿರುವ ಒಂದು ಪೈಪಿನೊಳಗೆ ಇಳಿದು ಅದೇ ಗುಪ್ತ ಕೋಣೆಯಲ್ಲಿ ಏಳುತ್ತಾರೆ. ಆ ಪೈಪು ನಿಜವಾಗಿ ಹೋಗಬೇಕಾದದ್ದು ಬರೀ ನಾಣ್ಯಗಳಿರುವ ಒಂದು ಕೋಣೆಗೆ.

ಇದು ಹೇಗಾಗುತ್ತದೆ? ‘ಮಾರಿಯೋ ಇಲ್ಲಿಂದ ಹೊರಗೆ ಹೋದರೆ ಎಲ್ಲಿಗೆ’ ಅನ್ನುವುದನ್ನು ಬರೆದಿಡಲು ಆಟಕ್ಕೆ ಒಂದೇ ಒಂದು ಚೀಟಿಯಷ್ಟು ಜಾಗ ಇದೆ. ಹಂತ ಬಲಕ್ಕೆ ಸರಿಯುತ್ತ ಹೋದಂತೆ ಆ ಚೀಟಿಯನ್ನು ಅಳಿಸಿ ಅಳಿಸಿ ಬರೆಯಲಾಗುತ್ತದೆ. ಬಳ್ಳಿಯ ಹತ್ತಿರ ಬಂದಾಗ ಚೀಟಿಯಲ್ಲಿ ‘ಗುಪ್ತ ಕೋಣೆ’. ಇನ್ನೂ ಸ್ವಲ್ಪ ಮುಂದೆ ಸರಿದಾಗ ‘ನಾಣ್ಯದ ಕೋಣೆ’. ಮುಖ್ಯವಾದದ್ದು ಏನೆಂದರೆ, ಚೀಟಿ ಬದಲಾಗುವುದು ಪರದೆ ಎಷ್ಟು ಸರಿದಿದೆ ಅನ್ನುವುದರ ಮೇಲೆ. ಮಾರಿಯೋ ಎಲ್ಲಿದ್ದಾನೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಮಾರಿಯೋ ಪರದೆಯ ನಡುಭಾಗದ ಹತ್ತಿರವೇ ಇರುತ್ತಾನೆ, ಪರದೆ ಅವನ ಜೊತೆಗೇ ಸರಿಯುತ್ತದೆ, ಆದ್ದರಿಂದ ಪೈಪ್ ತಲುಪುವ ಹೊತ್ತಿಗೆ ಚೀಟಿ ಬದಲಾಗಿರುತ್ತದೆ. ಅವನನ್ನು ಪರದೆಯ ಮೇಲೆ ಕೆಲವು ಪಿಕ್ಸೆಲ್ ಬಲಕ್ಕೆ ತಳ್ಳಿಬಿಟ್ಟರೆ? ಆಗ ಅವನು ಪೈಪಿನ ಮೇಲಿರುತ್ತಾನೆ, ಪರದೆ ಇನ್ನೂ ಹಿಂದಿರುತ್ತದೆ, ಚೀಟಿಯಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ.

ಹಾಗೆ ತಳ್ಳಲು ಇಟ್ಟಿಗೆಯೇ ಸಾಧನ. ಹಿಮ್ಮುಖವಾಗಿ ಹಾರಿ ಇಟ್ಟಿಗೆಯ ಅಂಚಿಗೆ ಮೈ ತಾಗಿಸಿದರೆ, ‘ಇವನು ಗೋಡೆಯೊಳಗೆ ಸಿಕ್ಕಿದ್ದಾನೆ’ ಅಂತ ಆಟ ಅವನನ್ನು ಹೊರಕ್ಕೆ ದೂಡುತ್ತದೆ. ಈ ದೂಡುವಿಕೆಗೆ ಪರದೆ ಜೊತೆಗೂಡುವುದಿಲ್ಲ. ಅಂಥ ಎರಡು ಮೂರು ಸಣ್ಣ ತಾಗುಗಳಲ್ಲಿ ಬೇಕಾದ ಅಂತರ ಕೂಡುತ್ತದೆ. ತಾಗು ಸಾಲದೆ ಒಂದೆರಡು ಪಿಕ್ಸೆಲ್ ಕಡಿಮೆಯಾದರೆ ಮಾರಿಯೋ ಪೈಪಿಗೆ ಇಳಿದು ನಾಣ್ಯದ ಕೋಣೆಯಲ್ಲಿ ಏಳುತ್ತಾನೆ. ಓಟ ಅಲ್ಲಿಗೆ ಮುಗಿಯಿತು. ಆದ್ದರಿಂದ 4-2ರ ಪೈಪಿನೊಳಗೆ ಇಳಿದು ಪರದೆ ಕಪ್ಪಾಗುವ ಆ ಗಳಿಗೆ, ನೋಡುವವರೆಲ್ಲ ಉಸಿರು ಹಿಡಿಯುವ ಗಳಿಗೆ. ಚೀಟಿಯ ಕಥೆ ಗೊತ್ತಿಲ್ಲದವರಿಗೆ ಅಲ್ಲಿ ಕಾಣುವುದು ಒಂದು ಕಪ್ಪು ಪರದೆ ಮಾತ್ರ.

ಇನ್ನೆರಡು ಕೌಶಲಗಳನ್ನು ಬೇಗ ಹೇಳುತ್ತೇನೆ. ಗೋಡೆ ಜಿಗಿತ: ಮಾರಿಯೋನ ಪಾದ ಗೋಡೆಯ ಇಟ್ಟಿಗೆಗಳು ಒಂದರ ಮೇಲೊಂದು ಕೂಡುವ ಗೆರೆಯ ಮಟ್ಟದಲ್ಲಿದ್ದು, ಓಟದ ವೇಗದಲ್ಲಿ ಗೋಡೆಯೊಳಗೆ ಒಂದಿಷ್ಟು ಹೊಕ್ಕರೆ, ಆಟ ಒಂದು ಫ್ರೇಮಿನ ಮಟ್ಟಿಗೆ ‘ಇವನು ನೆಲದ ಮೇಲೆ ನಿಂತಿದ್ದಾನೆ’ ಅಂದುಕೊಳ್ಳುತ್ತದೆ. ಆ ಫ್ರೇಮಿನಲ್ಲಿ ಜಿಗಿಯುವ ಗುಂಡಿ ಒತ್ತಿದರೆ ಮತ್ತೆ ಹಾರುತ್ತಾನೆ. ಆ ಗೆರೆ ಪ್ರತಿ 16 ಪಿಕ್ಸೆಲ್‌ಗೆ ಒಂದು. ಎರಡನೆಯದು ಕಂಬದ ಕೌಶಲ: ಹಂತದ ಕೊನೆಯ ಬಾವುಟದ ಕಂಬದ ಬುಡದಲ್ಲಿರುವ ಇಟ್ಟಿಗೆಯೊಳಗೆ ಮಾರಿಯೋ ಹೊಕ್ಕರೆ, ಬಾವುಟ ಇಳಿಯುವ ದೃಶ್ಯವೇ ತಪ್ಪಿ ನೇರ ಕೋಟೆಯ ಕಡೆ ನಡೆಯುತ್ತಾನೆ. 1-1 ಮತ್ತು 4-1ರಲ್ಲಿ ಇದನ್ನು ಮಾಡುತ್ತಾರೆ. 8-2ರಲ್ಲಿ ಇದರ ಇನ್ನೊಂದು ರೂಪ ಇದೆ, ಹಾರಿಬರುವ ಗುಂಡಿನ ಮೇಲೆ ಕಾಲಿಟ್ಟು ಪುಟಿದು ಕಂಬದ ಬುಡಕ್ಕೆ ಹೊಗುವುದು.

ಇವು ಒಂದು ಪಿಕ್ಸೆಲ್, ಒಂದು ಫ್ರೇಮ್ ಲೆಕ್ಕದ ಕೆಲಸಗಳು. ಮನುಷ್ಯರ ಕೈಗೆ ಇವು ಬರುವುದು ‘ಸೆಟಪ್’ ಅನ್ನುವುದರಿಂದ. ಇಂಥ ಪೊದೆಯ ಅಂಚಿಗೆ ಬಂದು ನಿಲ್ಲು, ಇಷ್ಟು ಹೊತ್ತು ಗುಂಡಿ ಒತ್ತಿ ಹಾರು, ಇಂಥ ಇಟ್ಟಿಗೆಯ ನೇರಕ್ಕೆ ಬಂದಾಗ ಎಡಕ್ಕೆ ಒತ್ತು, ಅಂತ ಕಣ್ಣಿಗೆ ಕಾಣುವ ಗುರುತುಗಳಾಗಿ ಆ ಅಳತೆಯನ್ನು ಒಡೆದಿಡುವುದೇ ಸೆಟಪ್. ಹೀಗೊಂದು ಗುರುತು ಕಂಡುಹಿಡಿದವರು ಅದನ್ನು ಬಚ್ಚಿಡುವುದಿಲ್ಲ, ವಿಡಿಯೋ ಮಾಡಿ ಎಲ್ಲರಿಗೂ ಹಂಚುತ್ತಾರೆ. ತನ್ನ ದಾಖಲೆ ಮುರಿಯಬಹುದಾದವರಿಗೇ ತನ್ನ ಗುಟ್ಟು ಕಲಿಸುವ ಈ ರೂಢಿಯ ಬಗ್ಗೆ ನನಗೆ ಅಪಾರ ಗೌರವ ಇದೆ.

ಈ ರೂಢಿ ಹಳೆಯದು. ಡೂಮ್ ಆಟ 1993ರ ಡಿಸೆಂಬರಿನಲ್ಲಿ ಬಂತು. ಅದರಲ್ಲಿ ಆಟಗಾರ ಒತ್ತಿದ ಗುಂಡಿಗಳನ್ನಷ್ಟೇ ಸಣ್ಣ ಕಡತದಲ್ಲಿ ಉಳಿಸುವ ಸೌಲಭ್ಯ ಇತ್ತು, ಹಾಗಾಗಿ ನಿಧಾನದ ಇಂಟರ್ನೆಟ್ಟಿನಲ್ಲೂ ಓಟಗಳನ್ನು ಕಳಿಸಬಹುದಿತ್ತು. 1994ರಲ್ಲೇ ಅಂಥ ಓಟಗಳ ಸಂಗ್ರಹವಾಗಿ ಕಂಪೆಟ್-ಎನ್ ಶುರುವಾಯಿತು. 2010ರ ಜನವರಿಯಿಂದ ಗೇಮ್ಸ್ ಡನ್ ಕ್ವಿಕ್ ಅನ್ನುವ ಮ್ಯಾರಥಾನ್ ನಡೆಯುತ್ತಿದೆ. ಹಗಲೂ ರಾತ್ರಿ ಎಡೆಬಿಡದೆ ಓಟಗಳು, ಬರುವ ದೇಣಿಗೆ ಕ್ಯಾನ್ಸರ್ ತಡೆ, ವೈದ್ಯಕೀಯ ನೆರವಿನ ಸಂಸ್ಥೆಗಳಿಗೆ. ಅಲ್ಲಿ ಆಡುವವರ ಹಿಂದೆ ಸೋಫಾದಲ್ಲಿ ಅದೇ ಆಟ ಬಲ್ಲ ಸ್ನೇಹಿತರು ಕೂತು, ಈಗ ಏನಾಗುತ್ತಿದೆ, ಮುಂದೆ ಏನು ಕಷ್ಟ ಅಂತ ವಿವರಿಸುತ್ತಾರೆ. ಮೊದಲ ಸಲ ನೋಡುವವರು ದಾಖಲೆಯ ವಿಡಿಯೋಗಿಂತ ಅಂಥದ್ದನ್ನು ನೋಡುವುದು ಒಳ್ಳೆಯದು.

ದಾಖಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2016ರ ಅಕ್ಟೋಬರಿನಲ್ಲಿ ಡಾರ್ಬಿಯನ್ ಹೆಸರಿನಲ್ಲಿ ಆಡುವವರು 4 ನಿಮಿಷ 56.878 ಸೆಕೆಂಡಿಗೆ ಮುಗಿಸಿದರು. 4:54 ಅನ್ನುವ ಅಂಕಿ ಕಾಣಲು 2021ರ ಏಪ್ರಿಲ್ ಬರಬೇಕಾಯಿತು. ನಿಫ್ಟ್‌ಸ್ಕಿ ಎಂಬ ಆಟಗಾರ 4:54.948ಕ್ಕೆ ಮುಗಿಸಿದರು. ಎರಡು ಸೆಕೆಂಡಿಗೂ ಕಡಿಮೆ ಅಂತರ, ನಾಲ್ಕೂವರೆ ವರ್ಷ, ಅದೂ ಹಲವು ಜನರ ದುಡಿಮೆ. 2023ರ ಸೆಪ್ಟೆಂಬರಿನಲ್ಲಿ ಅವರದೇ 4:54.631. ಆಮೇಲೂ ಅದು ಇಳಿದಿದೆ. ಇನ್ನೊಂದು ಕಡೆ, ಕಂಪ್ಯೂಟರಿನಲ್ಲಿ ಆಟವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ, ಗುಂಡಿಗಳನ್ನು ಬರೆದು ಜೋಡಿಸಿದ ಓಟ ಇದೆ. ಅದು ಕೈಯಿಂದ ಆಡಿದ್ದಲ್ಲ, ಲೆಕ್ಕ ಹಾಕಿ ಕಟ್ಟಿದ್ದು. ಅದರ ಸಮಯ ಸುಮಾರು 4:54.26. ಮನುಷ್ಯರ ಕೈ ಆ ಲೆಕ್ಕದ ಅರ್ಧ ಸೆಕೆಂಡಿನೊಳಗೆ ಬಂದಿದೆ ಅನ್ನುವುದನ್ನು ಒಂದು ಕ್ಷಣ ಯೋಚಿಸಿ.

ಈಗ, ನೀವು ಕೂತು ಆಡುವುದಾದರೆ.

ಹಳೆಯ ಯಂತ್ರ, ಹಳೆಯ ಡಬ್ಬಾ ಟಿವಿ ಇದ್ದರೆ ಚೆನ್ನ, ಅದರಲ್ಲಿ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡ ಬಹುತೇಕ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿ ಆಡಿದರೂ ಕಲಿಯಬಹುದು, ಆದರೆ ನಾಲ್ಕು ವಿಷಯ ನೋಡಿಕೊಳ್ಳಿ. ಒಂದು, ಫ್ಲಾಟ್ ಟಿವಿಗೆ ಜೋಡಿಸಿದ್ದರೆ ಅದರ ಚಿತ್ರ ಸುಧಾರಣೆಯ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ ಗೇಮ್ ಮೋಡ್ ಹಾಕಿ. ಮೂರು ಫ್ರೇಮ್ ತಡವಾದರೆ 50 ಮಿಲಿಸೆಕೆಂಡ್, ಅಷ್ಟರಲ್ಲಿ ಮಾರಿಯೋ ಅರ್ಧ ಇಟ್ಟಿಗೆಯಷ್ಟು ಮುಂದೆ ಹೋಗಿರುತ್ತಾನೆ. ಎರಡು, ಎಮ್ಯುಲೇಟರಿನ ವೇಗ. ನಿಜವಾದ ಯಂತ್ರ ಸೆಕೆಂಡಿಗೆ 60.0988 ಫ್ರೇಮ್. ಎಮ್ಯುಲೇಟರ್ ಅದನ್ನು ಸರಿಯಾಗಿ 60ಕ್ಕೆ ಇಳಿಸಿದ್ದರೆ ಐದು ನಿಮಿಷದ ಓಟದಲ್ಲಿ ಅರ್ಧ ಸೆಕೆಂಡ್ ಹೆಚ್ಚಾಗುತ್ತದೆ, ಒಂದು ಫ್ರೇಮ್‌ರೂಲಿಗಿಂತ ಜಾಸ್ತಿ. ಮೂರು, ಕೀಬೋರ್ಡ್. ಅಗ್ಗದ ಕೀಬೋರ್ಡುಗಳು ಮೂರು ಕೀಲಿ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತವೆ. ಇಲ್ಲಿ ಬಲ, ಓಟ, ಜಿಗಿತ ಮೂರೂ ಸದಾ ಒಟ್ಟಿಗೇ ಬೇಕು. ಕೀಲಿ ಬದಲಿಸಿ ನೋಡಿ, ಇಲ್ಲವೇ ಯುಎಸ್‌ಬಿ ಪ್ಯಾಡ್ ತೆಗೆದುಕೊಳ್ಳಿ. ನಾಲ್ಕು, ಎಡ ಮತ್ತು ಬಲ ಒಟ್ಟಿಗೆ ಒತ್ತುವುದನ್ನು ಎಮ್ಯುಲೇಟರಿನಲ್ಲಿ ನಿಷೇಧಿಸಿಡಿ. ಅಸಲಿ ಪ್ಯಾಡಿನಲ್ಲಿ ಅದು ಸಾಧ್ಯವಾಗದಂತೆ ಗುಂಡಿಯನ್ನೇ ಮಾಡಿದ್ದಾರೆ.

ಪ್ಯಾಡ್ ಹಿಡಿಯುವ ಕ್ರಮ: ಬಲ ಹೆಬ್ಬೆರಳಿನ ತುದಿ ಓಟದ ಗುಂಡಿಯ ಮೇಲೆ ಇದ್ದೇ ಇರಬೇಕು, ಜಿಗಿತದ ಗುಂಡಿಯನ್ನು ಅದೇ ಬೆರಳಿನ ಗೆಣ್ಣಿನಿಂದ ಒತ್ತಬೇಕು. ಹೊಸಬರು ಜಿಗಿಯುವಾಗ ಹೆಬ್ಬೆರಳನ್ನು ಎತ್ತಿ ಇಡುತ್ತಾರೆ, ಓಟದ ಗುಂಡಿ ಬಿಟ್ಟುಹೋಗುತ್ತದೆ, ಮುಂದಿನ ಹಳ್ಳದಲ್ಲಿ ಬೀಳುತ್ತಾರೆ. 8-1, 8-2ರ ಸಾವುಗಳಲ್ಲಿ ಬಹಳಷ್ಟು ಇದರಿಂದಲೇ.

ಕೌಶಲಗಳಿಗೆ ಮೊದಲೇ ಕೈ ಹಾಕಬೇಡಿ. ಬಳ್ಳಿ ಹತ್ತಿಯೇ ಹೋಗುವ ದಾರಿಯಲ್ಲಿ, ಎಲ್ಲೂ ಸಾಯದೆ 8 ಹಂತ ಮುಗಿಸುವುದು ಮೊದಲ ಗುರಿ. ಕಲಿಯುವಾಗ ಕೊನೆಯಿಂದ ಶುರು ಮಾಡಿ: 8-4, ಆಮೇಲೆ 8-3, ಹೀಗೆ ಹಿಂದಕ್ಕೆ. ಎಮ್ಯುಲೇಟರಿನಲ್ಲಿ ಪ್ರತಿ ಹಂತದ ಆರಂಭವನ್ನು ಸೇವ್ ಮಾಡಿಟ್ಟುಕೊಂಡರೆ ಇದು ಸುಲಭ. 1-1ರಿಂದಲೇ ಪ್ರತಿ ಸಲ ಶುರು ಮಾಡಿದವರು 1-1 ಅನ್ನು ಸಾವಿರ ಸಲ ಆಡಿರುತ್ತಾರೆ, 8-3 ಅನ್ನು ಇಪ್ಪತ್ತು ಸಲ. ಒಳ್ಳೆಯ ಓಟ ಸಿಕ್ಕ ದಿನ 8-3ರಲ್ಲಿ ಸುತ್ತಿಗೆ ಎಸೆಯುವ ಅಣ್ಣತಮ್ಮಂದಿರ ಎದುರು ಕೈ ಅಪರಿಚಿತವಾಗುತ್ತದೆ.

ಸಮಯ ಅಳೆಯಲು ಲೈವ್‌ಸ್ಪ್ಲಿಟ್ ಉಚಿತ ತಂತ್ರಾಂಶ. ಹಂತಕ್ಕೊಂದು ಸಾಲು ಮಾಡಿ, ಹಂತ ಮುಗಿದಾಗ ಒಂದು ಕೀಲಿ ಒತ್ತುತ್ತ ಹೋಗಿ. ಆದರೆ ಕೈಯಲ್ಲಿ ಒತ್ತಿದ ಅಂಕಿಯಲ್ಲಿ 0.1 ಸೆಕೆಂಡ್ ಹೆಚ್ಚುಕಡಿಮೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. 8-4 ಬಿಟ್ಟು ಉಳಿದೆಡೆ ಆಟ ಏರಿಳಿಯುವುದು 0.35ರ ಮೆಟ್ಟಿಲುಗಳಲ್ಲಿ, ಉಳಿದದ್ದು ನಿಮ್ಮ ಬೆರಳಿನ ವ್ಯತ್ಯಾಸ.

ಕೌಶಲಗಳನ್ನು ಸೇರಿಸಿಕೊಳ್ಳುವಾಗ ಒಂದು ಲೆಕ್ಕ ನೆನಪಿರಲಿ. ಒಂದೊಂದು ಕೌಶಲ ಹತ್ತರಲ್ಲಿ ಎಂಟು ಸಲ ಬರುತ್ತದೆ ಅಂದುಕೊಳ್ಳಿ, ಸಾಕಷ್ಟು ಒಳ್ಳೆಯ ಕೈ. ಅಂಥ ಐದು ಕೌಶಲ ಒಂದೇ ಓಟದಲ್ಲಿ ಬರುವ ಸಾಧ್ಯತೆ ನೂರಕ್ಕೆ 33 ಮಾತ್ರ. ಹತ್ತರಲ್ಲಿ ಐದು ಸಲ ಬರುವ ಕೈಯಾದರೆ ನೂರಕ್ಕೆ 3. ಒಂಬತ್ತು ಸಲ ಬಂದರೆ 59. ಆದ್ದರಿಂದ ಹೊಸ ಕೌಶಲ ಹುಡುಕುವುದಕ್ಕಿಂತ ಇರುವುದನ್ನು ಎಂಟರಿಂದ ಒಂಬತ್ತಕ್ಕೆ ತರುವುದು ಹೆಚ್ಚು ಫಲ ಕೊಡುತ್ತದೆ. ಒಂದೊಂದನ್ನೂ 20 ಸಲ ಮಾಡಿ, ಎಷ್ಟು ಬಂತು ಅಂತ ಹಾಳೆಯಲ್ಲಿ ಗುರುತು ಹಾಕಿ. ಅರ್ಧ ಗಂಟೆಗೊಮ್ಮೆ ಪ್ಯಾಡ್ ಕೆಳಗಿಡಿ. ಹೆಬ್ಬೆರಳಿನ ಬುಡದಲ್ಲಿ ನೋವು ಕಂಡರೆ ಅವತ್ತಿಗೆ ನಿಲ್ಲಿಸಿ, ಅದು ಒತ್ತಿ ಆಡಿದರೆ ಹೋಗುವ ನೋವಲ್ಲ.

ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

“ಸಾರ್, ಗೋಡೆಯೊಳಗೆ ತೂರುವುದು, ಪೈಪಿಗೆ ತಪ್ಪು ವಿಳಾಸ ಕೊಡಿಸುವುದು, ಇದೆಲ್ಲ ಮೋಸ ಅಲ್ಲವೇ?”

ನಿಯಮ ಮುಚ್ಚಿಟ್ಟು ಮಾಡಿದರೆ ಮೋಸ. ಇಲ್ಲಿ ನಿಯಮ ಬರೆದಿಟ್ಟಿದೆ, ಎಲ್ಲರಿಗೂ ಒಂದೇ: ಕ್ಯಾಸೆಟ್ಟಿನಲ್ಲಿ ಇರುವ ಆಟವನ್ನು ತಿದ್ದಬಾರದು, ಪ್ಯಾಡಿನ ಗುಂಡಿಗಳಿಂದ ಏನೇನು ಸಾಧ್ಯವೋ ಅದೆಲ್ಲ ಮಾಡಬಹುದು. ಇಂಥ ಕೌಶಲ ಬೇಡ ಅನ್ನುವವರಿಗೆ ಬೇರೆ ವಿಭಾಗ ಇದೆ. 32 ಹಂತವನ್ನೂ ಆಡುವ ವಿಭಾಗವೂ ಇದೆ, ಅದರಲ್ಲಿ ಮೇಲಿನವರ ಸಮಯ 19 ನಿಮಿಷದ ಆಸುಪಾಸು. ನಿಜವಾದ ಮೋಸ ಅಂದರೆ ವಿಡಿಯೋ ಕತ್ತರಿಸಿ ಅಂಟಿಸುವುದು, ಆಟದ ವೇಗ ಇಳಿಸಿ ಆಡುವುದು. ದಾಖಲೆ ಒಪ್ಪುವ ಮೊದಲು ಇತರ ಆಟಗಾರರು ಫ್ರೇಮ್ ಫ್ರೇಮ್ ಎಣಿಸಿ ನೋಡುತ್ತಾರೆ. ಅಲ್ಲಿಯೂ ಫ್ರೇಮ್‌ರೂಲೇ ನೆರವಿಗೆ ಬರುತ್ತದೆ: 21ರ ಲೆಕ್ಕಕ್ಕೆ ಹೊಂದದ ಕಡೆ ಹಂತ ಶುರುವಾಗಿದ್ದರೆ, ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

“ನನ್ನ ಮಗಳಿಗೆ ಹತ್ತು ವರ್ಷ, ಇದನ್ನು ನೋಡಿ ಆಡುತ್ತೇನೆ ಅನ್ನುತ್ತಾಳೆ. ಇವತ್ತು ಮನೆಗೆ ಹೋಗಿ ಎಲ್ಲಿಂದ ಶುರು ಮಾಡಿಸಲಿ?”

1-2ರಿಂದ, ಮೇಡಂ. ಅದೊಂದೇ ಹಂತ. ಚಾವಣಿಯ ಮೇಲೆ ಹತ್ತುವ ಜಾಗ ಹುಡುಕಲಿ, ಗುಪ್ತ ಕೋಣೆಯ ಎಡಗಡೆಯ ಪೈಪಿಗೆ ಹೋಗಲಿ. ಮೊದಲ ದಿನ ನಡೆದುಕೊಂಡೇ ಹೋಗಲಿ. ಎರಡನೆಯ ದಿನ ಓಟದ ಗುಂಡಿ ಬಿಡದೆ. ಪಕ್ಕದಲ್ಲಿ ನೀವು ಕೂತು, ಎಲ್ಲಿ ನಿಂತಳು ಅಂತ ಬೆರಳು ಮಡಚಿ ಎಣಿಸಿ. ಮೊದಲು ಹತ್ತು ಸಲ ನಿಲ್ಲುತ್ತಾಳೆ, ಆಮೇಲೆ ಆರು, ಆಮೇಲೆ ಮೂರು. ಆ ಎಣಿಕೆ ಒಂದಕ್ಕೆ ಬಂದ ದಿನ ದಾಖಲೆಯ ಓಟದ 1-2 ಅನ್ನು ಅವಳಿಗೆ ಹಾಕಿ ತೋರಿಸಿ.